ಮೂವತ್ತು ಚೌಕಗಳ ಗೋಡೆ

ಆರೋಗ್ಯ ಇಲಾಖೆಯ ಮೂರನೇ ಮಹಡಿಯಲ್ಲಿ ಕೂತು ಹನ್ನೊಂದು ಆಸ್ಪತ್ರೆಗಳ ಪಟ್ಟಿ ಮಾಡುವುದು ಅವಳ ಕೆಲಸ. ಕರುಳಿನ ಆಪರೇಷನ್ ಆದ ನೂರು ಜನರಲ್ಲಿ ಎಷ್ಟು ಮಂದಿಯ ಗಾಯಕ್ಕೆ ಸೋಂಕು ತಗುಲಿತು ಎಂಬ ಒಂದೇ ಅಂಕಿ ನೋಡಿ ಯಾವುದು ಮೇಲು, ಯಾವುದು ಕೀಳು ಎಂದು ಹೇಳಿಬಿಡುತ್ತಿದ್ದಳು. ಸೇತುವೆ ಪಕ್ಕದ ಗಾಜಿನ ಆಸ್ಪತ್ರೆಯದು ಎರಡು. ರೈಲು ಹಳಿಯಾಚೆಯ ಹಳೇ ಆಸ್ಪತ್ರೆಯದು ಹದಿನಾಲ್ಕು.

ಅತ್ತೆಯ ಕರುಳಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾದಾಗ ಅವಳು ಹಿಂದೆಮುಂದೆ ನೋಡದೆ ಗಾಜಿನ ಆಸ್ಪತ್ರೆ ಎಂದಳು. ಅತ್ತೆ ಜಗ್ಗಲಿಲ್ಲ.

"ನಮ್ಮಕ್ಕನಿಗೆ ಹಳಿಯಾಚೆ ತಾನೆ ಮಾಡಿದ್ದು? ಅಲ್ಲೇ ಆಗ್ಲಿ."

"ಅತ್ತೆ, ಅದು ನನ್ನ ಪಟ್ಟಿಲಿ ಕಟ್ಟಕಡೆಯದು."

"ನಿನ್ನ ಪಟ್ಟಿಗೆ ಹೊಟ್ಟೆ ಇದೆಯೇನೇ? ಒಂದ್ಸಲ ಹೋಗಿ ನೋಡ್ಕೊಂಡು ಬಾ."

ಆರು ವರ್ಷದಿಂದ ಪಟ್ಟಿ ಮಾಡುತ್ತಿದ್ದವಳು ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೋದಳು. ವಾರ್ಡಿನ ಗೋಡೆಗಳ ಬಣ್ಣ ಹಕ್ಕಳೆ ಎದ್ದಿತ್ತು. ಆದರೆ ಒಂದೊಂದು ನಲ್ಲಿಯ ಬಳಿಯೂ ಸೋಪು, ಒಣಗಿದ ಬಿಳಿ ಬಟ್ಟೆ. ಮೆಟ್ಟಿಲ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯ ನರ್ಸ್ ಫೋನಿನಲ್ಲಿದ್ದರು.

"ಬ್ಯಾಂಡೇಜ್ ಬಿಚ್ಚಿದ್ರಾ? ಸುತ್ತ ಕೆಂಪಾಗಿದೆಯಾ? ನಾಚ್ಕೋಬೇಡಿ, ಸರಿಯಾಗಿ ನೋಡಿ ಹೇಳಿ."

ಅವಳ ಕಣ್ಣು ಗೋಡೆಗೆ ಹೋಯಿತು. ಸೂರಿನಿಂದ ನೆಲದವರೆಗೆ ಹಾಳೆಗಳು. ಕಳೆದ ವರ್ಷ ಆಪರೇಷನ್ ಆದ ಇನ್ನೂರ ಹತ್ತು ಜನ. ಒಬ್ಬೊಬ್ಬರ ಮುಂದೆಯೂ ದಿನಕ್ಕೊಂದರಂತೆ ಮೂವತ್ತು ಚೌಕ. ಖಾಲಿ ಬಿಟ್ಟ ಚೌಕ ಹುಡುಕಿದಳು, ಒಂದೂ ಸಿಗಲಿಲ್ಲ.

"ಮನೆಗೆ ಹೋದವರನ್ನೂ ಕೇಳ್ತೀರಾ?"

"ಕೇಳದೆ? ಫೋನ್ ಇಲ್ಲದೋರ ಮನೆಗೇ ಹೋಗ್ತೀನಿ. ಸೋಂಕು ತಲೆ ಎತ್ತೋದೇ ಆಮೇಲೆ, ಕಣಮ್ಮ."

ಅವಳು ಅಲ್ಲಿಂದಲೇ ಗಾಜಿನ ಆಸ್ಪತ್ರೆಗೆ ಫೋನ್ ಮಾಡಿ, ಸೋಂಕನ್ನು ಎಷ್ಟು ದಿನ ಎಣಿಸುತ್ತೀರಿ ಎಂದು ಕೇಳಿದಳು. "ಐದನೇ ದಿನ ಡಿಸ್ಚಾರ್ಜ್ ಮಾಡ್ತೀವಲ್ಲ ಮೇಡಂ, ಅಲ್ಲೀವರೆಗೆ ಎಣಿಸ್ತೀವಿ," ಎಂದರು.

ಅವಳು ಗೋಡೆಯ ಮೇಲೆ ಬೆರಳಿಟ್ಟು ಮೊದಲ ಐದು ಚೌಕಗಳನ್ನಷ್ಟೇ ನೋಡುತ್ತಾ ಬಂದಳು. ಸೋಂಕಿನ ಕೆಂಪು ಗುರುತು ಇದ್ದದ್ದು ಇಬ್ಬರಿಗೆ. ಅಂದರೆ ನೂರಕ್ಕೆ ಒಂದು! ಗಾಜಿನ ಆಸ್ಪತ್ರೆಯದು ಎರಡು. ಇಷ್ಟು ದಿನ ತಾನು ಕೊನೆಗೆ ತಳ್ಳಿದ್ದು ಇವರನ್ನೇ. ಒಬ್ಬ ಹೆಂಗಸು ಆರು ಸಾವಿರ ಸಲ ಅದೇ ಪ್ರಶ್ನೆ ಕೇಳಿದ್ದರು, ತಮ್ಮ ಆಸ್ಪತ್ರೆಯ ಹೆಸರು ಕೆಡುತ್ತದೆ ಎಂದು ಗೊತ್ತಿದ್ದೂ.

ಅತ್ತೆಯ ಆಪರೇಷನ್ ಅಲ್ಲೇ ಆಯಿತು. ಮನೆಗೆ ಬಂದ ಮೇಲೆ, ಒಂಬತ್ತನೇ ದಿನದ ಫೋನಿನಲ್ಲಿ ಅತ್ತೆ "ಸ್ವಲ್ಪ ಕೆಂಪಗಿದೆ, ಅಷ್ಟೇ," ಎಂದರು. "ಅಷ್ಟೇ ಅನ್ಬೇಡಿ, ಈಗ್ಲೇ ಹೊರಡಿ," ಎಂದರು ದೊಡ್ಡಮ್ಮ. ಆಸ್ಪತ್ರೆಯಲ್ಲಿ ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದು ತೊಳೆದರು. ಆಮೇಲೆ ದೊಡ್ಡಮ್ಮ ಪಟ್ಟಿ ಮಾಡುವವಳ ಎದುರೇ ಕೆಂಪು ಪೆನ್ನು ಎತ್ತಿಕೊಂಡರು.

"ಬರೀರಿ ಬರೀರಿ," ಎಂದರು ಅತ್ತೆ, ಮಲಗಿದ್ದಲ್ಲಿಂದಲೇ. "ದಪ್ಪಗೆ ಬರೀರಿ."

ಮೂವತ್ತನೇ ದಿನಕ್ಕೆ ಗಾಯ ಪೂರ್ತಿ ಮಾಯ್ದಿತ್ತು. ಆ ವರ್ಷ ಅವಳು ಪಟ್ಟಿ ಹೊರಡಿಸಲಿಲ್ಲ. ಹನ್ನೊಂದೂ ಆಸ್ಪತ್ರೆಗಳಿಗೆ ಪತ್ರ ಬರೆದಳು: ಎಲ್ಲರೂ ಮೂವತ್ತು ದಿನ ಎಣಿಸಬೇಕು, ಹೇಗೆಂದು ತಿಳಿಯದವರು ಹಳಿಯಾಚೆ ಹೋಗಿ ದೊಡ್ಡಮ್ಮನನ್ನು ಕೇಳಬೇಕು. ಮೊದಲು ಬಂದವರು ಗಾಜಿನ ಆಸ್ಪತ್ರೆಯ ಇಬ್ಬರು ನರ್ಸುಗಳು. ಗೋಡೆಯ ಮುಂದೆ ನಿಂತು, ಅವರೂ ಮೊದಲು ಖಾಲಿ ಚೌಕ ಹುಡುಕಿದರು.