ಗಾಡಿಯ ಹೊಟ್ಟೆಗೆ ಸವಳು ಮಣ್ಣು

ಭಾನುವಾರ ಮುಂಜಾನೆ ಪಕ್ಷಕಾರರು ಬಂದು ಕಟ್ಟೆಗೆ ಕುಳಿತರೆ ವಕೀಲರ ಹೆಂಡತಿ ವೆಂಕೂಬಾಯಿ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಳು:

"ವಕೀಲರು ಗಾಡಿ ಕೆಳಗ ಇದ್ದಾರ್ರಿ. ಹಿತ್ತಲಕ್ಕ ಹೋಗಿ, ಬಗ್ಗಿ ಮಾತಾಡ್ರಿ."

ಅವರು ಹೋಗಿ ಬಗ್ಗುತ್ತಿದ್ದರು. ಹೊಲದ ಬದುವಿನ ತಂಟೆಯನ್ನು ಎರಡು ಅಂಗಾಲುಗಳ ಮುಂದೆ ತೋಡಿಕೊಳ್ಳುತ್ತಿದ್ದರು. ಗೋಣಿತಟ್ಟಿನ ಮೇಲೆ ಅಂಗಾತ ಮಲಗಿದ ಪ್ರಹ್ಲಾದರಾಯರ ದನಿ ಕೆಳಗಿನಿಂದ ಬರುತ್ತಿತ್ತು: "ಸದ್ಯ ಕಬ್ಜಾ ಯಾರ ಕಡೆ ಅದ?" ಹೀಗೆ ನಿರ್ಧಾರವಾದ ದಾವೆಗಳಲ್ಲಿ ಕೆಲವನ್ನು ರಾಯರು ಗೆದ್ದದ್ದೂ ಉಂಟು.

ಆ ಬೇಬಿ ಕಾರು ರೋಣಕ್ಕೆ ಬಂದು ಎರಡನೆಯ ವರುಷ ನಡೆದಿತ್ತು. ಧಾರವಾಡದಲ್ಲಿದ್ದ ಅಧಿಕಾರಿಯೊಬ್ಬರು ವರ್ಗವಾಗಿ ಪುಣೆಗೆ ಹೋಗುವಾಗ ರಾಯರಿಗೆ ಕೊಟ್ಟು ಹೋಗಿದ್ದರು. ನಾಲ್ಕು ಜನ ಮೊಣಕಾಲು ಮಡಚಿ ಕೂಡಬಹುದಾದ, ಹಸಿರು ಬಣ್ಣದ ಪುಟ್ಟ ಗಾಡಿ. ಕೀಲಿಕೈ ಕೊಡುವಾಗ ಆ ಅಧಿಕಾರಿ ಒಂದು ಮಾತು ಹೇಳಿದ್ದರು: "ರಾಯರ, ಮ್ಯಾಲಿನ ಬಣ್ಣ ಎಲ್ಲಾರೂ ನೋಡ್ತಾರ. ನೀವು ಕೆಳಗ ನೋಡ್ರಿ. ಗಾಡಿ ಆಯುಷ್ಯ ಹೊಟ್ಟ್ಯಾಗ ಇರ್ತದ." ಗಾಯತ್ರಿ ಉಪದೇಶವಾದ ದಿನ ಕೂಡ ರಾಯರು ಯಾವ ಮಾತನ್ನೂ ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡಿರಲಿಲ್ಲ.

ಅಂದಿನಿಂದ ಗಾಡಿಯ ಹೊಟ್ಟೆಯ ಕಾಳಜಿ ಸುರುವಾಯಿತು. ಮಳೆಯಾದರೆ ಗಾಡಿ ಹೊರಗೆ ತೆಗೆಯುವಂತಿಲ್ಲ; ಎರೆಮಣ್ಣು ಕೆಳಗೆ ಮೆತ್ತಿಕೊಂಡು ಬಿಡುತ್ತದೆ. ಬೇಸಿಗೆಯಲ್ಲಿ ತೆಗೆಯುವಂತಿಲ್ಲ, ಚಕ್ಕಡಿಗಳು ಕೊರೆದ ಜಾಡು ಒಣಗಿ ಕಲ್ಲಾಗಿರುತ್ತದೆ, ತಳಕ್ಕೆ ತಗಲುತ್ತದೆ. ಚಳಿಗಾಲದಲ್ಲಿ ತೆಗೆಯಬಹುದಿತ್ತು. ಆದರೆ ಆಗ ಹತ್ತಿಯ ಸುಗ್ಗಿ, ಪೇಟೆಯ ದಾರಿಯ ತುಂಬ ಬಂಡಿಗಳು, ಯಾವನ ಬಂಡಿಯಿಂದ ಯಾವ ಮೊಳೆ ಬಿದ್ದಿರುತ್ತದೋ ಬಲ್ಲವರಾರು. ಹೀಗಾಗಿ ರಾಯರು ಕೋರ್ಟಿಗೆ ನಡೆದೇ ಹೋಗುತ್ತಿದ್ದರು. ಮಕ್ಕಳು ಸಾಲಿಗೆ ನಡೆದೇ ಹೋಗುತ್ತಿದ್ದರು. ಗಾಡಿ ಮಾತ್ರ ಕೊಟ್ಟಿಗೆಯಲ್ಲಿ ನೆರಳಿಗೆ ನಿಂತಿತ್ತು. ಅದಕ್ಕೆ ಜಾಗ ಮಾಡಿಕೊಟ್ಟ ಆಕಳು ಹೊರಗೆ ಬೇವಿನ ಗಿಡಕ್ಕೆ ಕಟ್ಟಿಸಿಕೊಂಡಿತ್ತು.

ಹೋದ ವರುಷ ಮುಂಗಾರಿಗೆ ಮೊದಲು ನೀಲಪ್ಪ ಮಾಳಿಗೆ ಮೆತ್ತಲು ಬಂದ. ಈ ಕಡೆಯ ಮನೆಗಳಿಗೆ ಹಂಚಿಲ್ಲ, ಮಣ್ಣಿನ ಮಾಳಿಗೆ. ಹಳ್ಳದ ದಂಡೆಯ ಬೆಳ್ಳನೆಯ, ನಾಲಿಗೆಗೆ ಉಪ್ಪುಪ್ಪಾದ ಸವಳು ಮಣ್ಣನ್ನು ಕಲಸಿ ವರುಷಕ್ಕೊಮ್ಮೆ ಮೇಲೆ ಹಾಸಿದರೆ ಎಂಥ ಮಳೆಗೂ ನೀರು ಕೆಳಗಿಳಿಯುವುದಿಲ್ಲ. ರಾಯರು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದವರು ಒಮ್ಮೆಲೇ ಕೇಳಿದರು:

"ನೀಲಪ್ಪ, ಈ ಮಣ್ಣು ಖರೇನ ಒಂದು ಹನಿ ನೀರು ಬಿಡೂದಿಲ್ಲೇನೋ?"

"ಬಿಡಾಂಗಿಲ್ರಿ. ನಮ್ಮಪ್ಪ ಮೆತ್ತಿದ ಮಾಳಿಗಿ ಇನ್ನೂ ಸೋರಿಲ್ರಿ."

"ತಗಡಿಗೆ ಹಿಡೀತದೇನು?"

"ಬೆಲ್ಲದ ನೀರು, ಸಣ್ಣ ಹೊಟ್ಟು ಹಾಕಿ ಕಲಿಸಿದ್ರ ಯಾತಕ್ಕಾದ್ರೂ ಹಿಡೀತೈತ್ರಿ. ಯಾಕ್ರಿ, ತಗಡಿನ ಚಪ್ಪರ ಹಾಕ್ಸೀರೇನು?"

ರಾಯರು ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ನೀಲಪ್ಪ ಗಾಡಿಯ ಕೆಳಗೆ ತಲೆ ಹಾಕಿ ನೋಡಿ ನಕ್ಕ. "ಮಾಳಿಗಿ ತಲಿಕೆಳಗ ಆಗೈತಿ ಅಂತ ತಿಳಕೊಂಡ್ರ ಆತ್ರಿ," ಎಂದ. ಇಬ್ಬರೂ ಸೇರಿ ಎರಡು ದಿನ ಗಾಡಿಯ ಹೊಟ್ಟೆಗೆ ಬೆರಳು ದಪ್ಪ ಸವಳು ಮಣ್ಣು ಮೆತ್ತಿದರು. ಮೆತ್ತಿದ್ದು ಉದುರದಂತೆ ಅಂಗೈಯಿಂದ ತಟ್ಟಿ ತಟ್ಟಿ ನುಣ್ಣಗೆ ಮಾಡಿದರು. ನೀಲಪ್ಪ ತನ್ನ ಗುರುತಿಗೆಂದು ಒಂದು ಮೂಲೆಯಲ್ಲಿ ಐದು ಬೆರಳು ಒತ್ತಿದ. ತಂದ ಮಣ್ಣೆಲ್ಲ ಅಲ್ಲಿಗೇ ತೀರಿತು.

ಆ ವರುಷದ ಮಳೆಗೆ ಮನೆ ಮೂರು ಕಡೆ ಸೋರಿತು. ವೆಂಕೂಬಾಯಿ ಹಾಸಿಗೆಗಳನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದು, ಮಕ್ಕಳ ತಲೆ ಒರೆಸಿ, ಒಲೆಯ ಮೇಲೆ ಪರಾತ ಬೋರಲು ಹಾಕಿ ಆ ಮಳೆಗಾಲ ಕಳೆದಳು. ಗಾಡಿಯ ಹೊಟ್ಟೆ ಮಾತ್ರ ಬೆಚ್ಚಗಿತ್ತು. ರಾಯರು ವಾರಕ್ಕೊಮ್ಮೆ ಕಂದೀಲು ಹಿಡಿದು ಕೆಳಗೆ ಹೋಗಿ ಪರೀಕ್ಷೆ ಮಾಡುತ್ತಿದ್ದರು. ಎಲ್ಲಿ ಸೀಳು ಕಂಡಿತೋ ಅಲ್ಲಿ ಹಸಿ ಮಣ್ಣು ಮೆತ್ತಿ, ಒದ್ದೆ ಅರಿವೆಯಿಂದ ಸವರಿ, ಸಮಾಧಾನದಿಂದ ಹೊರಗೆ ಬರುತ್ತಿದ್ದರು.

"ಏನ್ ಚಂದ ಉಳದದ ಅಂತೀ!" ಎಂದು ಹೆಂಡತಿಗೆ ಹೇಳುತ್ತಿದ್ದರು.

"ಏನ್ರಿ, ಗಾಡಿಯೋ?"

"ಮಣ್ಣು."

ಈ ವರುಷ ಜ್ಯೇಷ್ಠದಲ್ಲಿ ಗಜೇಂದ್ರಗಡದಿಂದ ವೆಂಕೂಬಾಯಿಯ ಅಣ್ಣ ರಾಘಣ್ಣನ ಸುದ್ದಿ ಬಂತು: ಕಿರಿಯ ಮಗನ ಮುಂಜಿ ಗೊತ್ತಾಗಿದೆ, ಮುಂಜಾನೆಯ ಮುಹೂರ್ತ. ಅವರ ಮನೆತನದಲ್ಲಿ ಒಂದು ಪದ್ಧತಿ. ಮುಂಜಿಯ ಹುಡುಗನ ಚೌಲ ಮಾಡುವಾಗ ಕೂದಲು ನೆಲಕ್ಕೆ ಬೀಳಬಾರದು, ಸೋದರತ್ತೆಯ ಸೆರಗಿಗೆ ಬೀಳಬೇಕು. ಹಿರಿಯ ಮಗನ ಮುಂಜಿಗೆ ವೆಂಕೂಬಾಯಿ ಚಕ್ಕಡಿಯಲ್ಲಿ ಹೊರಟು, ದಾರಿಯಲ್ಲಿ ಗಾಲಿ ಸಿಕ್ಕು, ಮುಟ್ಟುವಷ್ಟರಲ್ಲಿ ಚೌಲ ಮುಗಿದಿತ್ತು. ಅತ್ತಿಗೆ ಇಂದಿರಾಬಾಯಿ ತನ್ನ ತಂಗಿಯಿಂದಲೇ ಸೆರಗು ಒಡ್ಡಿಸಿದ್ದಳು. ಮೇಲೆ ಎಲ್ಲರೆದುರಿಗೆ, "ವಕೀಲರ ಮನಿಯವರಲ್ಲೇನು, ವಾಯಿದಾ ತಗೊಂಡಿರಬೇಕು ಅಂದ್ಕೊಂಡ್ವಿ," ಎಂದಿದ್ದಳು. ರಾಘಣ್ಣನಿಗೆ ಇನ್ನು ಗಂಡುಮಕ್ಕಳಿಲ್ಲ. ವೆಂಕೂಬಾಯಿಗೆ ಉಳಿದದ್ದು ಇದೊಂದೇ ಸೆರಗು, ಇದೊಂದೇ ಮುಂಜಾನೆ.

ಅವಳು ಗಂಡನಿಗೆ ಊಟಕ್ಕೆ ಬಡಿಸುವಾಗ ಮಾತು ತೆಗೆದಳು.

"ಈ ಸಲ ಗಾಡ್ಯಾಗ ಹೋಗೂದು."

"ಮಳಿ ಸುರು ಆಗ್ಯಾವಲ್ಲ..."

"ಬ್ಯಾಸಿಗ್ಯಾಗ ಮುಂಜಿ ಇಟಗೋ ಅಂತ ಅಣ್ಣಗ ಹೇಳ್ಲೇನು? ಹೊಟ್ಟಿಗೆ ಅಷ್ಟು ಮೆತ್ತೀರಲ್ಲ, ಅದು ಯಾವ ದಿವಸಕ್ಕ?"

ರಾಯರು ಸಾರನ್ನದಲ್ಲಿ ಬೆರಳಾಡಿಸಿದರು. ವಾದದಲ್ಲಿ ಸೋತದ್ದು ಅವರಿಗೆ ತಿಳಿಯಿತು. ಹೋಗುವುದು ಗಟ್ಟಿಯಾಯಿತು.

ಮುಂಜಿಯ ದಿನ ವೆಂಕೂಬಾಯಿ ಕತ್ತಲಿರುವಾಗಲೇ ಎದ್ದು, ಬುತ್ತಿ ಕಟ್ಟಿ, ಮಕ್ಕಳಿಗೆ ನೀರೆರೆದು, ಜರಿಯ ಸೀರೆ ಉಟ್ಟು ಅಂಗಳಕ್ಕೆ ಬಂದರೆ ರಾಯರು ಗಾಡಿಯ ಕೆಳಗಿದ್ದರು. ಹೊರಡುವ ಮುಂಚಿನ ಪರೀಕ್ಷೆ. ಒಂದು ಕಡೆ ಸೀಳು ಕಂಡಿತ್ತಂತೆ. ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಕೂತು ತೂಕಡಿಸಿದವು. ಹೊತ್ತು ಏರಿತು. ಬೀದಿಯಲ್ಲಿ ಗಜೇಂದ್ರಗಡದ ಬಸ್ಸು ಬಂದು ನಿಂತಿತು. ಚಾಲಕ ಜಂಗ್ಲಿಸಾಬ ಇದೇ ಓಣಿಯವನು.

"ಬಾಯಾರ, ಬರ್ತೀರೇನ್ರಿ? ಜಾಗಾ ಐತ್ರಿ!"

ವೆಂಕೂಬಾಯಿ ಬಸ್ಸು ನೋಡಿದಳು, ಗಾಡಿ ನೋಡಿದಳು. ಇಂದಿರಾಬಾಯಿಯ ಮನೆ ಮುಂದೆ ಹಸಿರು ಗಾಡಿಯಿಂದ ಇಳಿಯುವುದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಇಳಿದು ನೋಡಿದ್ದಳು.

"ನಮ್ದು ಗಾಡಿ ಅದ, ಜಂಗ್ಲಿಸಾಬ. ನೀ ನಡಿ. ನಿನ್ನ ಮುಂದ ಹೋಗ್ತೀವಿ ನೋಡು."

"ಹೋಗ್ರಿ ಹೋಗ್ರಿ. ದಾರಿ ಬಿಡ್ತೀನ್ರಿ," ಎಂದು ನಗುತ್ತ ಅವನು ಹೋದ.

ರೋಣ ದಾಟುವ ತನಕ ಎಲ್ಲ ನೆಟ್ಟಗಿತ್ತು. ಹಿಂದಿನ ದಿನದ ಮಳೆಗೆ ದಾರಿಯಲ್ಲಿ ಗುಂಡಿ ಬಿದ್ದಿದ್ದವು. ರಾಯರು ಪ್ರತಿ ಗುಂಡಿಗೂ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ಅದರ ಆಳ ನೋಡಿ, ಮತ್ತೆ ಹತ್ತುತ್ತಿದ್ದರು. ಸೂಡಿಯ ಹತ್ತಿರ ಒಂದು ಗುಂಡಿ ಅವರ ಕಣ್ಣಿಗೆ ಬೀಳಲಿಲ್ಲ. ಗಾಡಿ ಧಡಲ್ಲನೆ ಇಳಿದು ಎದ್ದಿತು. ಹಿಂದೆ ಏನೋ ಧಪ್ಪನೆ ಬಿದ್ದ ಸದ್ದಾಯಿತು. ರಾಯರು ಓಡಿಹೋಗಿ ನೋಡಿದರೆ ಸವಳು ಮಣ್ಣಿನ ರೊಟ್ಟಿಯಷ್ಟಗಲದ ಹೆಂಟೆ. ಅದನ್ನೆತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಹೆಂಡತಿಯ ಮಡಿಲಲ್ಲಿ ಇಟ್ಟರು.

"ಹುಷಾರ. ಮತ್ತ ಹಚ್ಚಬೇಕಾಗ್ತದ."

ಜರಿಯ ಸೀರೆಯ ಮೇಲೆ ಆ ಹೆಂಟೆ ಇಟ್ಟುಕೊಂಡು ವೆಂಕೂಬಾಯಿ ಕುಳಿತಳು. ಗಾಡಿ ಹೊರಟಿತು. ಸ್ವಲ್ಪ ಮುಂದೆ ಇನ್ನೊಂದು ಬಿತ್ತು. ಆಮೇಲೆ ಬಿದ್ದದ್ದಕ್ಕೆ ಸದ್ದೇ ಬೇರೆ, ತಗಡಿನ ಸದ್ದು.

"ಅಲ್ರೀ," ಎಂದಳು ವೆಂಕೂಬಾಯಿ. "ದಾರಿ ಕಾಣ್ಲಿಕತ್ತದ."

"ಕಾಣ್ಲಿ. ದಾರಿ ಕಂಡ್ರ ಛಲೋನ ಆತಲ್ಲ."

"ನನ್ನ ಕಾಲಾಗ ಕಾಣ್ಲಿಕತ್ತದ."

ರಾಯರು ಗಾಡಿ ನಿಲ್ಲಿಸಿ ಬಗ್ಗಿದರು. ಹೆಂಡತಿಯ ಎರಡು ಪಾದಗಳ ನಡುವೆ ಸೂಡಿಯ ಎರೆಭೂಮಿ ಕರ್ರಗೆ, ಹಸಿಯಾಗಿ ಕಾಣುತ್ತಿತ್ತು. ಅವರು ಅಲ್ಲೇ ಧೋತರ ಮೇಲಕ್ಕೆ ಕಟ್ಟಿ ಗಾಡಿಯ ಕೆಳಗೆ ಹೋದರು. ಉಳಿದ ಮಣ್ಣು ಕೈ ಹಚ್ಚಿದಲ್ಲೆಲ್ಲ ಕಳಚಿ ಬರುತ್ತಿತ್ತು, ಅದರ ಬೆನ್ನಿಗೆ ತಗಡು ಕೆಂಪು ಪುಡಿಯಾಗಿ ಬರುತ್ತಿತ್ತು. ಒಂದು ವರುಷ ಅವರು ಕಾಯ್ದದ್ದು ಮಣ್ಣನ್ನು. ಅದರ ಹಿಂದಿನದನ್ನು ಉಪ್ಪು, ನೀರು ಕೂಡಿ ತಣ್ಣಗೆ ತಿಂದು ಮುಗಿಸಿದ್ದವು.

"ಸವಳು," ಎಂದರು ಕೆಳಗಿನಿಂದ. "ಸವಳು ತಿಂದದ."

"ಉಪ್ಪಿನ ಗಡಿಗ್ಯಾಗ ನಾ ಎಂದರ ಕಬ್ಬಿಣದ ಚಮಚಾ ಇಟ್ಟೀನೇನು?"

"ಮತ್ತ ಆವಾಗ ಯಾಕ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನೀವು ಕೆಳಗ ಇದ್ರಿ."

ರಾಯರು ಹೊರಗೆ ಬಂದರು. ಮೀಸೆಯಲ್ಲಿ ಕೆಂಪು ಪುಡಿ ಹತ್ತಿತ್ತು. ದನಿ ತಗ್ಗಿಸಿ, ಕಾಯಿಲೆಯವರ ಹತ್ತಿರ ನಿಂತವರ ಹಾಗೆ ಹೇಳಿದರು: "ವೆಂಕೂ, ಇಲ್ಲಿಂದ ಹೊಳ್ಳಿ ಹೋಗೋಣ. ಸಾವಕಾಶ ಹೋದ್ರ ಗಾಡಿ ಉಳೀತದ. ಇನ್ನೂ ಮುಂದ ಹೋದ್ರ ಪೂರಾ ಹೋಗ್ತದ."

"ಉಳಿಸಿ ಏನ್ಮಾಡ್ತೀರಿ?"

"ಮುಂದ ಬೇಕಾಗ್ತದಲ್ಲ."

"ಯಾವಾಗ?"

ಕೋರ್ಟಿನಲ್ಲಿ ಯಾವ ಪ್ರಕರಣಕ್ಕಾದರೂ ಮುಂದಿನ ತಾರೀಖು ಕೇಳಬಲ್ಲ ರಾಯರು ಮೀಸೆಯ ಪುಡಿ ಒರೆಸಿಕೊಂಡರು. ವೆಂಕೂಬಾಯಿ ಮಡಿಲಲ್ಲಿದ್ದ ಹೆಂಟೆಯನ್ನು ಎತ್ತಿ ಹೊಲದತ್ತ ಒಗೆದಳು.

"ನಾಕು ಮಂದೀನ್ನ ಒಂದು ಸಲ ಕೂಡಿಸ್ಕೊಂಡು ಹೋಗಲಾರದ್ದು ಉಳದರ ಏನು, ಹೋದರ ಏನು? ಚೌಲ ಆಗೂ ಹೊತ್ತಾತು. ಮಕ್ಕಳ, ಕಾಲು ಮ್ಯಾಲ ತಗೋರಿ. ನೀವು ಹತ್ರಿ."

"ನಿನ್ನ ಕಾಲು?"

"ನನ್ನ ಕಾಲಿಂದು ನಾ ನೋಡ್ಕೋತೀನಿ. ಗುಂಡಿ ಬಂದ್ರ ಇಳೀಬ್ಯಾಡ್ರಿ."

ರಾಯರು ಹತ್ತಿದರು. ಮೊದಲನೆಯ ಗುಂಡಿಗೆ ಹಲ್ಲು ಕಚ್ಚಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಹೆಂಡತಿ ತಿವಿದ ಮೇಲೆ ತೆರೆದರು. ಅದರ ನಂತರ ಕಾಯುವುದಕ್ಕೆ ಏನೂ ಉಳಿದಿಲ್ಲವೆಂಬುದು ಕಾಲಿಗೆ ತಿಳಿಯಿತೋ ಏನೋ, ಗಾಡಿ ಜೋರು ಹಿಡಿಯಿತು. ದಾರಿಬದಿಯ ಬಾರೀಹಣ್ಣಿನ ಗಿಡಗಳು ಹಿಂದೆ ಓಡಿದವು. ತಮ್ಮ ಗಾಡಿಗೆ ಇಷ್ಟು ಓಟವಿದೆ ಎನ್ನುವುದು ರಾಯರಿಗೆ ಗೊತ್ತಿರಲಿಲ್ಲ. ಕೆಳಗಿನಿಂದ ರಾಡಿನೀರು ಕಾರಂಜಿಯಂತೆ ಚಿಮ್ಮಿದಾಗ ಮಕ್ಕಳು ಕೇಕೆ ಹಾಕಿದವು.

"ಅಪ್ಪಾ, ಇನ್ನೊಂದು ಗುಂಡಿ! ಅದರಾಗ ಹೋಗು!" ಎಂದಳು ದೊಡ್ಡ ಮಗಳು.

ರಾಯರು ಹೋದರು. ಸಾಲದ್ದಕ್ಕೆ ನಕ್ಕರು.

ರಾಘಣ್ಣನ ಮನೆಯ ಚಪ್ಪರದ ಮುಂದೆ ಗಾಡಿ ನಿಂತಾಗ ಒಳಗೆ ನಾವಲಿಗ ಕ್ಷೌರದ ಕತ್ತಿ ಮಸೆಯುತ್ತಿದ್ದ. ಇಂದಿರಾಬಾಯಿಯ ತಂಗಿ ಆಗಲೇ ಸೆರಗು ಬಿಚ್ಚಿ ಎದ್ದು ನಿಂತಿದ್ದಳು. ವೆಂಕೂಬಾಯಿ ಬಾಗಿಲು ತೆರೆಯುವ ಗೊಡವೆಗೂ ಹೋಗದೆ ತಳದ ತೂತಿನಿಂದಲೇ ಇಳಿದಳೆಂದು ಆಮೇಲೆ ಕೆಲವರು ಹೇಳಿದರು, ಅದು ಸುಳ್ಳು. ತೆರೆದೇ ಇಳಿದಳು. ಮೊಣಕಾಲತನಕ ಎರೆಮಣ್ಣು, ಜರಿಯ ಅಂಚು ಕಾಣದಷ್ಟು ರಾಡಿ.

"ಅಯ್ಯ, ವೆಂಕೂಬಾಯಿ!" ಎಂದಳು ಇಂದಿರಾಬಾಯಿ. "ಗಾಡ್ಯಾಗ ಬಂದ್ರಿ, ಕಾಲಿಗೆ ಇಷ್ಟು ರಾಡಿ ಹ್ಯಾಂಗ ಆತು? ನೂಕ್ಕೋತ ಬಂದ್ರೇನು?"

"ರಾಡಿ ಕಾಲಿಗೆ ಆಗ್ಯದ ವೈನಿ, ಸೆರಗಿಗಿಲ್ಲ. ಸರೀರಿ."

ಬಚ್ಚಲಿನಲ್ಲಿ ಕಾಲಿಗೆ ಒಂದು ಕೊಡ ನೀರು ಸುರಿದುಕೊಂಡು ಬಂದು ಅವಳು ಹುಡುಗನ ಪಕ್ಕಕ್ಕೆ ಕುಳಿತಳು. ಎರಡೂ ಕೈಯಿಂದ ಸೆರಗು ಒಡ್ಡಿದಳು. ಮೊದಲನೆಯ ಕೂದಲು ಬಿದ್ದಾಗ ರಾಘಣ್ಣ ತಂಗಿಯ ಕಡೆ ನೋಡಿ ಕಣ್ಣು ಒರೆಸಿಕೊಂಡ. ಹೋಮದ ಹೊಗೆಯಿಂದ ಎಂದು ಹೇಳಬಹುದಿತ್ತು, ಆದರೆ ಹೋಮ ಇನ್ನೂ ಹೊತ್ತಿಸಿರಲಿಲ್ಲ.

ಹೊರಗೆ ಗಂಡಸರು ಗಾಡಿಯ ಸುತ್ತ ಕುಕ್ಕುರುಗಾಲಲ್ಲಿ ಕೂತಿದ್ದರು. ಗಾಡಿಯ ಕೆಳಗಿನಿಂದ ರಾಯರ ದನಿ ಬರುತ್ತಿತ್ತು. ದನಿಯಲ್ಲಿ ಕೋರ್ಟಿನ ಗತ್ತು ಮರಳಿತ್ತು.

"ಇಲ್ಲೆ ನೋಡ್ರಿ, ಈ ಮೂಲ್ಯಾಗ. ಇನ್ನೂ ಹಿಡಕೊಂಡದ. ಅಂದ್ರ ಮಣ್ಣಿನ ತಪ್ಪಲ್ಲ. ಮಣ್ಣು ಇತ್ತಂತನ ಒಂದು ವರ್ಷ ತಾಳ್ತು. ಇಲ್ಲಂದ್ರ ಹೋದ ವರ್ಷನ ಹೋಗ್ತಿತ್ತು."

"ಹೌದ್ರಿ, ಹೌದ್ರಿ," ಎಂದರು ಒಬ್ಬಿಬ್ಬರು. ಹತ್ತಿ ವ್ಯಾಪಾರದ ಹೇಮಪ್ಪ ಹೊಸದಾಗಿ ಗಾಡಿ ಕೊಳ್ಳುವ ವಿಚಾರದಲ್ಲಿದ್ದ. ಆತ ಇನ್ನಷ್ಟು ಬಗ್ಗಿ ಕೇಳಿದ: "ಮೆತ್ತಿದವ ಯಾರ್ರಿ? ರೋಣದಾಂವ ಏನು?"

ಮುಂಜಿ ಮುಗಿಯಿತು. ಎಲೆ ಹಾಕಿದರು. ರಾಯರನ್ನು ಕರೆಯಲು ಎರಡು ಸಲ ಆಳು ಬಂದು ಹೋಯಿತು. "ಬಂದೆ, ಒಂದು ಬೋಲ್ಟು," ಎನ್ನುವ ಉತ್ತರ ಎರಡು ಸಲವೂ ಕೆಳಗಿನಿಂದಲೇ ಬಂತು. ಇಂದಿರಾಬಾಯಿ ಬಡಿಸುವ ಸೌಟು ಹಿಡಿದು ವೆಂಕೂಬಾಯಿಯ ಹತ್ತಿರ ನಿಂತಳು.

"ವೆಂಕೂಬಾಯಿ, ಅವರು ಉಂಡಮ್ಯಾಲ ಕೂಡ್ತೀರೇನು? ನಿಮ್ಮ ಎಲಿ ಇಟ್ಟಿರ್ತೀನಿ."

ಮದುವೆಯಾದಂದಿನಿಂದ ವೆಂಕೂಬಾಯಿ ಗಂಡ ಉಣ್ಣದೆ ಉಂಡವಳಲ್ಲ. ಅವಳು ಹೊರಗೆ ಒಮ್ಮೆ ನೋಡಿದಳು. ಗಾಡಿಯ ಕೆಳಗಿನಿಂದ ಎರಡು ಅಂಗಾಲು ಚಾಚಿಕೊಂಡಿದ್ದವು.

"ಇಲ್ಲ, ಬಡಸ್ರಿ," ಎಂದಳು. "ಹಸಿವಾಗ್ಯದ."

ಮಕ್ಕಳನ್ನು ಎಡಕ್ಕೆ ಬಲಕ್ಕೆ ಕೂಡಿಸಿಕೊಂಡು ಹೆಂಗಸರ ಮೊದಲನೆಯ ಪಂಕ್ತಿಗೆ ಕುಳಿತಳು. ಹೋಳಿಗೆಗೆ ತುಪ್ಪ ಇನ್ನೊಂದಿಷ್ಟು ಹಾಕಿಸಿಕೊಂಡಳು.