ಟೈಲರಕ್ಕನ ಹಲ್ಲಿನ ಕ್ಯಾಪು

ಮುಂದಿನ ಹಲ್ಲು ಅಲ್ಲಾಡತೊಡಗಿದರೆ ಮನುಷ್ಯ ಮೊದಲು ಮಾಡುವ ಕೆಲಸ ಯಾವುದು? ಡಾಕ್ಟರ ಹತ್ತಿರ ಹೋಗುವುದಂತೂ ಅಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು. ನಮ್ಮ ಬೀದಿಯ ಟೈಲರಕ್ಕ ಮಾಡಿದ್ದೂ ಅದನ್ನೇ. ಅವಳ ಗೋಡೆಗೂ ನನ್ನ ಗೋಡೆಗೂ ನಡುವೆ ಜಾಗವಿಲ್ಲ, ಆದ್ದರಿಂದ ಈ ಕಥೆ ನನಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಿಲ್ಲ.

ಟೈಲರಕ್ಕನ ಅಂಗಡಿ ಎಂದರೆ ಅವಳ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನು, ಮೂಲೆಯಲ್ಲಿ ಇಸ್ತ್ರಿ ಮೇಜು, ಗೋಡೆಯ ಮೊಳೆಗಳಲ್ಲಿ ಹೊಲಿದು ಮುಗಿಸಿದ ಬಟ್ಟೆಗಳು. ಹಿಂದಿನ ಕೋಣೆಯಲ್ಲಿ ಅವಳೂ ಅವಳ ಅಮ್ಮನೂ. ಮನೆಗೆ ಅವರಿಬ್ಬರೇ. ಅಮ್ಮ ಬಹಳ ವರ್ಷ ನೂಲಿನ ಗಿರಣಿಯಲ್ಲಿ ದುಡಿದವರು. ಯಂತ್ರಗಳ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು. ಈಗ ಪಕ್ಕದಲ್ಲೇ ಪಾತ್ರೆ ಬಿದ್ದರೂ ಅವರು ತಿರುಗಿ ನೋಡುವುದಿಲ್ಲ. ಕಿವಿಗೆ ಮಿಷನ್ನು ಹಾಕಿಸಿ ನೋಡಿದ್ದಾಯಿತು, ಉಪಯೋಗವಾಗಲಿಲ್ಲ. ಓದು ಬರಹ ಬಾರದು, ಹಾಗಾಗಿ ಚೀಟಿ ಬರೆದು ತೋರಿಸುವಂತೆಯೂ ಇಲ್ಲ.

ಆದರೆ ಮಗಳ ತುಟಿ ನೋಡಿದರೆ ಸಾಕು, ಅವರಿಗೆ ಮಾತೆಲ್ಲ ತಿಳಿಯುತ್ತಿತ್ತು. ನಮ್ಮಂಥವರ ತುಟಿ ಅವರಿಗೆ ಒಗ್ಗುವುದಿಲ್ಲ. ನಾವು ಗಡಿಬಿಡಿಯಲ್ಲಿ ಮಾತಾಡುತ್ತೇವೆ, ಅರ್ಧ ಮಾತಿಗೆ ಮುಖ ತಿರುಗಿಸುತ್ತೇವೆ. ಮಗಳು ಮಾತ್ರ ಎದುರಿಗೆ ಕೂತು, ಬೆಳಕಿಗೆ ಮುಖ ಕೊಟ್ಟು, ನಿಧಾನವಾಗಿ ಹೇಳುತ್ತಿದ್ದಳು. ಬೀದಿಯ ಸುದ್ದಿ, ಗಿರಾಕಿಗಳ ತಕರಾರು, ಯಾರ ಸೊಂಟದ ಅಳತೆ ಈ ವರ್ಷ ಎಷ್ಟು ಹಿಗ್ಗಿತು ಎನ್ನುವವರೆಗೂ. ಊಟದ ಹೊತ್ತಿಗೆ ಆ ತಾಯಿ ಮಗಳು ನಗುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

ಕೆಲವು ವರ್ಷದ ಹಿಂದೆ ಟೈಲರಕ್ಕ ಮೆಟ್ಟಿಲ ಮೇಲೆ ಮುಗ್ಗರಿಸಿ ಮೇಲಿನ ಮುಂದಿನ ಹಲ್ಲು ಮುರಿದುಕೊಂಡಿದ್ದಳು. ಆಗ ಡಾಕ್ಟರು ಬೇರಿನ ಒಳಗನ್ನು ಶುಚಿ ಮಾಡಿ, ಉಳಿದ ಮೋಟು ಹಲ್ಲಿನ ಮೇಲೆ ಕ್ಯಾಪು ಕೂರಿಸಿದ್ದರು. ಯಾವುದು ಸ್ವಂತ ಹಲ್ಲು, ಯಾವುದು ಹಾಕಿಸಿದ್ದು ಎಂದು ಗೊತ್ತಾಗುತ್ತಿರಲಿಲ್ಲ. ಆದರೆ ಅಕ್ಕನಿಗೆ ಒಂದು ಹಳೇ ಚಾಳಿ. ಕತ್ತರಿ ತೊಡೆಯ ಮೇಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವುದು. ಟೈಲರುಗಳನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಹೀಗೇ. ಅಮ್ಮ ಅವಳ ಲಂಗದ ವಯಸ್ಸಿನಿಂದ ಬೈದದ್ದೇ ಬೈದದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಒಂದು ದಿನ ದಪ್ಪ ದಾರ ಕಚ್ಚಿ ಎಳೆದಳು. ದಾರದ ಜೊತೆ ಕ್ಯಾಪೂ ಬಂತು.

ಆಗಲೇ ಡಾಕ್ಟರ ಹತ್ತಿರ ಓಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಹೋಗಿದ್ದು ಚಪ್ಪಲಿ ಅಂಟಿಸುವ ಗೋಂದು ತರಲು. ಹಚ್ಚಿದಳು, ಕೂರಿಸಿದಳು, ಒಸಡು ಉರಿದರೂ ಸಹಿಸಿದಳು. ಅದು ಬಿತ್ತು, ಮತ್ತೆ ಹಚ್ಚಿದಳು, ಮತ್ತೆ ಬಿತ್ತು. ಹಲ್ಲು ಕಚ್ಚಿ ಸಹಿಸೋಣವೆಂದರೆ ಕಚ್ಚಲು ಹಲ್ಲೂ ನೆಟ್ಟಗಿರಲಿಲ್ಲ. ಇಷ್ಟಕ್ಕೂ ಯಾರ ಭಯ ಅಂತೀರಿ? ಅಮ್ಮನದು. ನಲವತ್ತು ದಾಟಿದ ಹೆಂಗಸು, ಊರಿಗೆಲ್ಲ ಅಳತೆ ಹಾಕುವವಳು, "ನಾನು ಹೇಳಿರಲಿಲ್ಲವಾ" ಎಂಬ ಒಂದು ಮಾತಿಗೆ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು.

ಆ ಕೈ ಅಡ್ಡ ಬಂದ ದಿನದಿಂದ ಅಮ್ಮನ ಪಾಲಿಗೆ ಜಗತ್ತಿನ ಮಾತು ನಿಂತುಹೋಯಿತು. ಮಗಳು ಕೈಯ ಹಿಂದೆ ಏನೋ ಗೊಣಗುತ್ತಾಳೆ, ಇವರಿಗೆ ಕಾಣುವುದು ಬೆರಳು ಮಾತ್ರ. ಏನೆಂದು ಕೇಳಿದರೆ ಏನಿಲ್ಲ ಎಂದು ತಲೆಯಾಡಿಸುತ್ತಾಳೆ. ಊಟವನ್ನೂ ಗೋಡೆಯ ಕಡೆ ತಿರುಗಿ ಮಾಡುತ್ತಾಳೆ. ಒಂದೇ ಕೋಣೆಯಲ್ಲಿ ಇಬ್ಬರು, ಇಬ್ಬರೂ ಒಂಟಿ. ಮಗಳು ಗಿರಾಕಿಗಳ ಜೊತೆಗೂ ಮಾತು ಕಡಿಮೆ ಮಾಡಿದ್ದರಿಂದ ಬೀದಿಯವರು ಅವಳಿಗೆ ಧಿಮಾಕು ಬಂದಿದೆ ಎಂದರು. ನನಗೆ ಕೇಳುತ್ತಿದ್ದದ್ದು ಮಿಷನ್ನಿನ ಸದ್ದೊಂದೇ. ಅದು ನಿಂತಾಗ ಆ ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನಿಸಿ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಅಮ್ಮ ನನ್ನ ಬಾಗಿಲಿಗೆ ಬಂದರು. ತಂಗಿಗೆ ಫೋನು ಮಾಡಿಕೊಡು ಎಂದರು. "ಬಂದು ಕರ್ಕೊಂಡು ಹೋಗು ಅಂತ ಹೇಳು. ಇವಳಿಗೆ ನಾನು ಸಾಕಾಗಿದ್ದೀನಿ. ಮುಖ ಕೊಟ್ಟು ಮಾತಾಡಲ್ಲ."

ಅವರ ತಂಗಿಯ ಮನೆಯಲ್ಲಿ ತುಂಬ ಜನ, ಎಲ್ಲರೂ ಪಟಪಟ ಮಾತಿನವರು. ಅಲ್ಲಿ ಈ ಮುದುಕಿಯ ಎದುರು ಕೂತು ನಿಧಾನವಾಗಿ ಮಾತಾಡುವವರು ಯಾರು? ಹಾಗೆಂದು ಅವರಿಗೆ ಹೇಳೋಣವೆಂದರೆ ನನ್ನ ತುಟಿ ಅವರಿಗೆ ಅರ್ಥವಾಗದು. ಫೋನು ಮಾಡಿಕೊಟ್ಟೆ. ಮುಂದಿನ ತಿಂಗಳು ಬರುತ್ತೇನೆ ಎಂದು ತಂಗಿ ಒಪ್ಪಿದರು. ಅಮ್ಮ ಅವತ್ತೇ ಚೀಲ ತುಂಬಲು ಕೂತರು.

ಮರುದಿನ ನಾನು ದಿಂಬಿನ ಕವರು ಹೊಲಿಸುವ ನೆವದಲ್ಲಿ ಟೈಲರಕ್ಕನ ಹತ್ತಿರ ಹೋಗಿ ವಿಷಯ ಹೇಳಿದೆ. ಅವಳು ಮಿಷನ್ನು ನಿಲ್ಲಿಸಿದಳು. ಅದೇ ಹೊತ್ತಿಗೆ ಹಲ್ಲಿನ ಹುಡುಗಿ ಒಳಗೆ ಬಂದಳು. ಮುಂದಿನ ರಸ್ತೆಯ ಮಹಡಿಯಲ್ಲಿ ಹಲ್ಲಿನ ಕ್ಯಾಪು ತಯಾರಿಸುವ ಲ್ಯಾಬು ಇದೆ, ಅಲ್ಲಿ ಕೆಲಸ ಮಾಡುವವಳು. ಬಿಳೀ ಕೋಟಿನ ತೋಳು ಉದ್ದವಾಗಿದೆ, ಕಡಿಮೆ ಮಾಡಿಕೊಡಿ ಎಂದಳು. ತೋಳಿಗೆ ಗುಂಡಿ ಆರಿಸಲು ಗುಂಡಿಯ ಡಬ್ಬಿಗೆ ಕೈ ಹಾಕಿದವಳು ಒಂದು ಬಿಳೀ ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅಕ್ಕ, ಇದು ಗುಂಡಿ ಅಲ್ಲ."

ಟೈಲರಕ್ಕನ ಕೈ ತಾನಾಗಿ ಬಾಯಿಗೆ ಹೋಯಿತು. ಹುಡುಗಿ ಕ್ಯಾಪನ್ನು ತಿರುಗಿಸಿ ಒಳಗೆ ನೋಡಿದಳು. ಗೋಂದು ಪದರ ಪದರವಾಗಿ ಒಣಗಿತ್ತು. ಅವಳು ಬೈಯಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ಅಕ್ಕ ಕೈಯ ಹಿಂದಿನಿಂದಲೇ ಎಲ್ಲ ಹೇಳಿದಳು. ಕೊನೆಗೆ, ಏನು ಮಾಡಿದರೂ ಅಷ್ಟೇ, ಹಾಕಿಸಿದ ಹಲ್ಲು ಹಾಕಿಸಿದ್ದೇ, ಬೀಳುವುದು ಅದರ ಹಣೆಬರಹ ಎಂದಳು.

ಹುಡುಗಿ ಮಿಷನ್ನಿನ ಮೇಲಿದ್ದ ದಾರದ ಕೋನು ತೆಗೆದುಕೊಂಡಳು. ಅದು ಕೆಳಗೆ ಅಗಲ, ಮೇಲೆ ಹೋದಂತೆ ಚೂಪು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ತಗಡಿನ ಟೋಪಿಯನ್ನು ಅದರ ತುದಿಯ ಮೇಲಿಟ್ಟಳು. ಉಗುರು ತಾಗಿಸಿದಳು, ಟೋಪಿ ಉರುಳಿತು. ಆಮೇಲೆ ಅದನ್ನೇ ಅಕ್ಕನ ಬೆರಳಿಗೆ ಹಾಕಿ ಕೈಯನ್ನು ತಲೆಕೆಳಗು ಮಾಡಿದಳು. ಟೋಪಿ ಕದಲಲಿಲ್ಲ.

"ಈಗ ಗೋಂದು ಹಾಕಿದ್ದೀನಾ? ಇಲ್ಲವಲ್ಲ. ಬೆರಳು ಉದ್ದ ಇದೆ, ಪಕ್ಕಗಳು ಹೆಚ್ಚು ಕಡಿಮೆ ನೇರ ಇವೆ, ಟೋಪಿ ಮೈಗಂಟಿ ಕೂತಿದೆ. ಹಲ್ಲಿನ ಕ್ಯಾಪೂ ಹೀಗೇ ಅಕ್ಕ. ಡಾಕ್ಟರು ಹಾಕೋ ಸಿಮೆಂಟು ಸಣ್ಣ ಸಂದು ತುಂಬಿ ಭದ್ರ ಮಾಡುತ್ತೆ. ಹಿಡ್ಕೊಳ್ಳೋ ಕೆಲಸ ಬಹುಪಾಲು ಆಕಾರದ್ದು. ಒಳಗಿನ ಹಲ್ಲು ಗಿಡ್ಡ ಇದ್ದರೆ, ಈ ಕೋನಿನ ಹಾಗೆ ಚೂಪಾಗಿದ್ದರೆ, ಎಂಥ ಗೋಂದು ಹಾಕಿದರೂ ಜಾರುತ್ತೆ."

ಅಕ್ಕ ಬೆರಳಿನ ಟೋಪಿಯನ್ನೇ ನೋಡುತ್ತಿದ್ದಳು. ಬಟ್ಟೆಯ ಅಳತೆ ತಪ್ಪಿದರೆ ಎಷ್ಟು ಪಿನ್ನು ಚುಚ್ಚಿದರೂ ಮೈಗೆ ಕೂರದು ಎಂದು ಗಿರಾಕಿಗಳಿಗೆ ಪಾಠ ಹೇಳುವವಳು ಅವಳೇ. ತನ್ನ ಬಾಯಿಯ ವಿಷಯಕ್ಕೆ ಬಂದಾಗ ಆ ಪಾಠ ಮರೆತುಹೋಗಿತ್ತು.

ಹುಡುಗಿ, ತಾನು ಡಾಕ್ಟರಲ್ಲ, ಬಾಯೊಳಗೆ ನೋಡಿ ಹೇಳಬೇಕಾದವರು ಅವರು ಎಂದಳು. ಮೋಟು ಗಿಡ್ಡವಾಗಿದ್ದರೂ ದಾರಿ ಇರಬಹುದು, ಆದರೆ ತಡ ಮಾಡಿದಷ್ಟೂ ಒಳಗಿನ ಹಲ್ಲು ಹುಳುಕಾಗುತ್ತದೆ ಎಂದಳು. ಆಮೇಲೆ ಕ್ಯಾಪನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. "ನಾನು ದಿನವಿಡೀ ಹಲ್ಲು ಮಾಡ್ತೀನಿ ಅಕ್ಕ. ನನ್ನ ಮುಂದಿರೋದು ಕಂಪ್ಯೂಟರು, ಅಚ್ಚು ಅಷ್ಟೇ. ಅದು ಯಾರ ಬಾಯಿಗೆ ಹೋಯ್ತು, ಅವರು ನಕ್ಕರಾ ಇಲ್ಲವಾ, ನನಗೆ ಗೊತ್ತೇ ಆಗಲ್ಲ. ನೀವಾದ್ರೂ ಹೋಗಿ ತೋರಿಸಿ." ಆ ಹುಡುಗಿಯೂ ಈ ತಾಯಿ ಮಗಳ ಹಾಗೆ ಒಂಟಿ ಎಂದು ನನಗೆ ಆಗಲೇ ತಿಳಿದದ್ದು.

ಅಮ್ಮನಿಗೆ ಹೇಗೆ ಹೇಳಲಿ, ಬಾಯಿ ತೆರೆದರೆ ಕಂಡುಬಿಡುತ್ತದಲ್ಲ ಎಂದು ಅಕ್ಕ ಅತ್ತಳು. ಕಾಣಲಿ ಬಿಡು ಎಂದೆ ನಾನು.

ಅವಳು ಎದ್ದು ಒಳಗೆ ಹೋದಳು. ಚೀಲದ ಪಕ್ಕ ಕೂತಿದ್ದ ಅಮ್ಮನ ಭುಜ ಮುಟ್ಟಿ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ಕೈ ಇಳಿಸಿದಳು.

"ಅಮ್ಮ, ಹಲ್ಲು ಬಿದ್ದಿದೆ."

ಅಮ್ಮ ಬಗ್ಗಿ ಆ ಬಾಯಿಯನ್ನು ನೋಡಿದರು. "ದಾರ ಕಚ್ಚಿದೆಯಾ?" ಎಂದರು. ಮಗಳು ಹೌದು ಎಂದಳು. ಅಮ್ಮ ಅವಳ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ಅದೇ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಅತ್ತರು. ಆದರೆ ಚೀಲ ಬಿಚ್ಚಲಿಲ್ಲ. ಮೊದಲಿನದನ್ನೂ ಗಟ್ಟಿ ಎಂದೇ ಹಾಕಿದ್ದರು, ಇನ್ನೊಂದು ಹಾಕಿಸಿದರೆ ಅದೂ ಬೀಳುತ್ತದೆ, ಬಿದ್ದರೆ ನೀನು ಮತ್ತೆ ಮುಖ ಮುಚ್ಚಿಕೊಳ್ಳುತ್ತೀಯ, ನನ್ನಿಂದ ಇನ್ನೊಂದು ಸಲ ಆಗದು ಎಂದುಬಿಟ್ಟರು.

ಮರುದಿನ ತಾಯಿ ಮಗಳು ಹಲ್ಲಿನ ಡಾಕ್ಟರ ಹತ್ತಿರ ಹೋದರು, ಕ್ಯಾಪನ್ನು ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು. ಡಾಕ್ಟರಮ್ಮ ಎಕ್ಸ್‌ರೇ ತೆಗೆದು ನೋಡಿದರು. ಗೋಂದಿನ ಸಂದಿಯಲ್ಲಿ ಕೊಳೆ ಸೇರಿ ಮೋಟಿನ ಅಂಚು ಹುಳುಕಾಗಲು ಶುರುವಾಗಿತ್ತು. ಬೇರು ಮಾತ್ರ ಗಟ್ಟಿಯಾಗಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಹಲ್ಲನ್ನೇ ಕೀಳಬೇಕಾಗುತ್ತಿತ್ತು ಎಂದರು.

ಅಮ್ಮನ ಅನುಮಾನವನ್ನು ಮಗಳು ಡಾಕ್ಟರಮ್ಮನಿಗೆ ಹೇಳಿದಳು, ಡಾಕ್ಟರಮ್ಮನ ಉತ್ತರವನ್ನು ತುಟಿಯಲ್ಲಿ ಅಮ್ಮನಿಗೆ ದಾಟಿಸಿದಳು. ಮೊದಲು ಹುಳುಕು ತೆಗೆಯಬೇಕು. ಬೇರಿನೊಳಗೆ ಒಂದು ಸಣ್ಣ ಕಡ್ಡಿ ಕೂರಿಸಿ, ಅದರ ಸುತ್ತ ಮೋಟನ್ನು ಎತ್ತರ ಮಾಡಬೇಕು. ಪಕ್ಕಗಳು ಕೋನಿನಂತಿರದೆ ಬೆರಳಿನಂತಿರಬೇಕು. ಕ್ಯಾಪಿನ ಅಂಚು ಒಸಡಿನ ಹತ್ತಿರ ಸ್ವಂತ ಹಲ್ಲನ್ನು ಬಳೆಯ ಹಾಗೆ ಸುತ್ತ ಹಿಡಿಯಬೇಕು. ಕೆಳಗಿನ ಹಲ್ಲು ಅದಕ್ಕೆ ಜಾಸ್ತಿ ತಾಗಬಾರದು, ತಾಗಿದರೆ ದಿನಾ ತಳ್ಳಿ ತಳ್ಳಿ ಸಡಿಲ ಮಾಡುತ್ತದೆ. ಇದೆಲ್ಲ ಅವರ ಕೆಲಸ. ದಾರ ಕಚ್ಚದೆ ಇರುವುದು ಮಾತ್ರ ಟೈಲರಕ್ಕನ ಕೆಲಸ. ಅಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡರು.

ಹಾಗೆಯೇ ಮೋಟನ್ನು ಸರಿಮಾಡಿ, ಅದರ ಅಚ್ಚು ತೆಗೆದು, ಹೊಸ ಕ್ಯಾಪು ಬರುವವರೆಗೆ ಎಂದು ಡಾಕ್ಟರಮ್ಮ ತಾತ್ಕಾಲಿಕ ಕ್ಯಾಪು ಹಾಕಿಕೊಟ್ಟರು. ಅಚ್ಚು ಮುಂದಿನ ರಸ್ತೆಯ ಲ್ಯಾಬಿಗೇ ಹೋಯಿತು. ಅಲ್ಲಿ ಹಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ಆಕಾರ ಬಿಡಿಸಿದಳು, ಸಿಮೆಂಟಿಗೆ ಎಷ್ಟು ಬೇಕೋ ಅಷ್ಟೇ ಸಂದು ಬಿಟ್ಟು. ಜಾಸ್ತಿ ಬಿಟ್ಟರೆ ಅಲ್ಲಾಡುತ್ತದೆ, ಕಡಿಮೆಯಾದರೆ ಪೂರ್ತಿ ಕೂರುವುದಿಲ್ಲವಂತೆ. ಕೊನೆಯ ದಿನ ಡಾಕ್ಟರಮ್ಮ ಬಣ್ಣದ ಕಾಗದ ಕಚ್ಚಿಸಿ, ಎಲ್ಲಿ ಹೆಚ್ಚು ತಾಗುತ್ತದೆ ಎಂದು ನೋಡಿ, ಅಲ್ಲಿ ಸ್ವಲ್ಪ ಉಜ್ಜಿ, ಆಮೇಲೆ ಸಿಮೆಂಟು ಹಾಕಿ ಕೂರಿಸಿದರು.

ಹುಡುಗಿ ಕೋಟು ತೆಗೆದುಕೊಳ್ಳಲು ಬಂದಾಗ ಟೈಲರಕ್ಕ ಎರಡು ಕೈಯಲ್ಲೂ ಕೋಟು ಹಿಡಿದು ನಕ್ಕಳು. ಹುಡುಗಿ ಕೋಟಿನ ಕಡೆ ನೋಡಲೇ ಇಲ್ಲ. ತಾನು ಮಾಡಿದ ಹಲ್ಲು ನಗುವುದನ್ನು ಅವಳು ಕಂಡದ್ದು ಅದೇ ಮೊದಲು. ಹೋಗುವಾಗ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡಳು.

ಹೇಳಿದಂತೆ ಮುಂದಿನ ತಿಂಗಳು ಅಮ್ಮನ ತಂಗಿ ಬಂದರು. ಅವರು ಹೊರಗೆ ಆಟೋ ನಿಲ್ಲಿಸಿಕೊಂಡೇ ಒಳಗೆ ಬಂದಿದ್ದರು. ಚೀಲ ಮಂಚದ ಕೆಳಗೇ ಇತ್ತು. ಟೈಲರಕ್ಕ ಮಿಷನ್ನಿನ ಮುಂದೆ ಕೂತಳು, ಬೇಡವೆಂದು ಹೇಳುವ ಹಕ್ಕು ತನಗಿಲ್ಲ ಎಂಬಂತೆ. ಅರ್ಧಕ್ಕೆ ಬಿಟ್ಟಿದ್ದ ಹೊಲಿಗೆ ಮುಗಿಸಿದಳು. ದಾರ ಬಾಯಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಕೈ ಕೆಳಗಿಳಿದು ಕತ್ತರಿಯನ್ನು ಹುಡುಕಿತು.

ಅಮ್ಮ ಅದನ್ನು ನೋಡುತ್ತಲೇ ಇದ್ದರು. ಎದ್ದು ಹೋಗಿ ಆ ಸಣ್ಣ ಕತ್ತರಿಗೆ ಒಂದು ಲಾಡಿ ಕಟ್ಟಿದರು, ಇನ್ನೊಂದು ತುದಿಯನ್ನು ಮಿಷನ್ನಿಗೆ ಬಿಗಿದರು. ಆಮೇಲೆ ತಂಗಿಯ ಕಡೆ ತಿರುಗಿದರು.

"ನೀನು ಊಟ ಮಾಡ್ಕೊಂಡು ಹೋಗು. ನಾನು ಬರಲ್ಲ. ಇವಳ ಹತ್ರ ಇನ್ನೂ ಮಾತು ಬಾಕಿ ಇದೆ."

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಹಲ್ಲಿನ ಕ್ಯಾಪು ಅಲ್ಲಾಡುತ್ತಿದೆಯೇ? ಬಿದ್ದೇಹೋಗಿದೆಯೇ? ಗೋಂದು ಮುಟ್ಟಬೇಡಿ. ಕ್ಯಾಪನ್ನು ತೊಳೆದು ಡಬ್ಬಿಯಲ್ಲಿಟ್ಟುಕೊಂಡು ಆದಷ್ಟು ಬೇಗ ಹಲ್ಲಿನ ಡಾಕ್ಟರಿಗೆ ತೋರಿಸಿ. ಅದು ಗಂಟಲಿಗೆ ಇಳಿದು ಕೆಮ್ಮು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೊಸದು ಹಾಕಿಸುವಾಗ ಕೇಳಿ: ಒಳಗಿನ ಹಲ್ಲು ಸಾಕಷ್ಟು ಎತ್ತರ ಇದೆಯಾ, ಕ್ಯಾಪು ಯಾವುದನ್ನು ಹಿಡಿದುಕೊಂಡು ನಿಲ್ಲುತ್ತದೆ? ಕೇಳಿದರೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳಬಾರದು. ಹಾಕಿಸಿದ ಮೇಲೆ ದಾರ, ಪಿನ್ನು, ಬಾಟಲಿಯ ಮುಚ್ಚಳ ಇವನ್ನು ಹಲ್ಲಿಗೆ ಕೊಡಬೇಡಿ. ಒಸಡಿನ ಅಂಚಿನವರೆಗೆ ದಿನಾ ಬ್ರಷ್ ಮಾಡಿ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಾದರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದರೆ ಅವರಿಗೆ ಧಿಮಾಕು ಅನ್ನಬೇಡಿ. ಹತ್ತಿರ ಕೂತು, ಹಲ್ಲಿಗೆ ಏನಾಯಿತು ಎಂದು ಕೇಳಿ. ಆ ಕೈ ಇಳಿಯುವುದನ್ನು ಕಾಯುತ್ತಾ ಮನೆಯಲ್ಲಿ ಒಬ್ಬರು ಕೂತಿರುತ್ತಾರೆ.