ಮೀನಿನ ತೊಟ್ಟಿಗೆ ಹೊಸ ಪೈಪು

ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಶುದ್ಧಿ ಮಾಡಿದ ನೀರು ಕಾಲುವೆಗೆ ಹೋಗುವ ಮೊದಲು ಒಂದು ಗಾಜಿನ ತೊಟ್ಟಿಯನ್ನು ಹಾದುಹೋಗಬೇಕು. ತೊಟ್ಟಿಯಲ್ಲಿ ಮೀನುಗಳಿದ್ದವು. ಲ್ಯಾಬಿನ ಫಲಿತಾಂಶ ನಿಧಾನ. ಮೀನು ತಕ್ಷಣ ಹೇಳುತ್ತದೆ. ಅವು ಚುರುಕಾಗಿದ್ದರೆ ಕಾಲುವೆಯ ಗೇಟು ತೆರೆಯುವುದು, ಮೇಲೆ ಬಂದು ಬಾಯಿ ಬಿಟ್ಟರೆ ಯಂತ್ರಗಳನ್ನೇ ನಿಲ್ಲಿಸುವುದು. ಬೇರೆ ಕಡೆಯಿಂದ ಕರೆ ಬಂದರೂ ಹೋಗದೆ ನಾನು ಇಲ್ಲೇ ಕೆಮಿಸ್ಟ್ ಆಗಿ ಉಳಿದದ್ದು ಇದಕ್ಕೇ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಟ್ಟಿಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಲಾಗುತ್ತಿತ್ತು.

ಆ ಸೋಮವಾರ ಅಲ್ಲೂ ನಿಲ್ಲಲಾಗಲಿಲ್ಲ. ಕಡುನೀಲಿಯ ದೊಡ್ಡ ಆರ್ಡರು ನಡೆದಿತ್ತು. ಮೀನುಗಳು ಚುರುಕಾಗಿವೆಯೆಂದು ನಾನೇ ಗೇಟು ತೆರೆಸಿದ್ದೆ. ಕಾಲುವೆಯ ಬಾಯಲ್ಲಿ ನೋಡಿದರೆ ನೀರು ನೀಲಿ. ತೊಟ್ಟಿಯ ನೀರು ಮಾತ್ರ ತಿಳಿ. ಬಗ್ಗಿ ನೋಡಿದೆ. ತೊಟ್ಟಿಯ ಹಿಂದೆ ಹೊಸ ಪೈಪು. ಅದರ ಜಾಡು ಹಿಡಿದು ಹೋದರೆ ಅದು ಬರುತ್ತಿದ್ದದ್ದು ಕ್ಯಾಂಟೀನಿನ ಕುಡಿಯುವ ನೀರಿನ ಟ್ಯಾಂಕಿನಿಂದ.

ಕರೆದು ಕೇಳಿದ್ದಕ್ಕೆ ಪ್ಲಂಬರ್ ತಲೆ ಕೆರೆದುಕೊಂಡ. "ಮೀನು ಸಾಯ್ತಾ ಇದ್ವು ಅಕ್ಕ. ಇನ್ನೊಂದು ಸತ್ರೆ ನಿನ್ನನ್ನೇ ತೊಟ್ಟೀಲಿ ಬಿಡ್ತೀನಿ ಅಂದ್ರು ಮ್ಯಾನೇಜರ್ ಸಾಹೇಬ್ರು. ನಂಗೋ ಈಜು ಬರಲ್ಲ."

ನಗು ಬರಲಿಲ್ಲ. ಮ್ಯಾನೇಜರ ಕೋಣೆಗೆ ಹೋದೆ.

"ಕೂತ್ಕೊಳಮ್ಮ."

"ಬೇಡ ಸಾರ್. ಆ ಪೈಪು ತೆಗೆಸಿ."

"ಆರ್ಡರ್ ಮುಗೀಲಿ, ತೆಗೆಸೋಣ. ನೋಡೋಕೆ ಬಂದೋರಿಗೆ ಮೀನು ತೋರಿಸ್ಬೇಕಲ್ಲ."

"ಮೀನು ಇಟ್ಟಿರೋದು ತೋರಿಸೋಕಲ್ಲ ಸಾರ್, ನಾವು ನೋಡೋಕೆ."

ಅವರ ದನಿ ಮೆತ್ತಗಾಯಿತು. "ನಿನ್ನ ಕಷ್ಟ ನಂಗೆ ಗೊತ್ತಿಲ್ವಾ? ಇಂಥ ಹೊತ್ತಲ್ಲಿ ಕೆಲಸಾನೂ ಹೋದ್ರೆ ಏನ್ಮಾಡ್ತೀಯ? ಸುಮ್ನೆ ಗೇಟು ತೆಗೆಸು."

ಕಿಟಕಿಯವರೆಗೆ ಹೋದೆ, ಬಂದೆ. ಅವರ ಮಾತು ಸುಳ್ಳಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ದುಡಿಮೆಯಲ್ಲಿ. ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.

"ಗೇಟು ತೆಗೆಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಸಾರ್."

ಮಧ್ಯಾಹ್ನವೇ ಮನೆಗೆ ಬಂದದ್ದು ಕಂಡು ಅತ್ತೆ ಗಾಬರಿಯಾದರು. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು. ಕೈಯಲ್ಲಿದ್ದ ಲೋಟ ಕುಕ್ಕಿದೆ, ನೀರು ಚೆಲ್ಲಿತು.

"ಬಾಡಿಗೆಗೆ ಏನ್ಮಾಡೋಣ?" ಎಂದರು.

"ಗೊತ್ತಿಲ್ಲ."

ಅತ್ತೆ ನೆಲ ಒರೆಸಿದರು. ಒರೆಸುತ್ತಲೇ, "ನನ್ನ ಮಗ ಹೋದಾಗಿಂದ ನೀನು ಯಾರ ಮೇಲೂ ರೇಗಿದ್ದೇ ಇಲ್ಲ ಕಣೇ," ಎಂದರು. "ಆ ಮ್ಯಾನೇಜರನ್ನ ಇನ್ನೂ ಬೈಯೋದಿದ್ರೆ ಬೈದ್ಬಿಡು. ಕೇಳ್ತೀನಿ."

ಬೈದೆ. ಅವರೂ ನಾಲ್ಕು ಮಾತು ಸೇರಿಸಿದರು.